ಸ್ವಂತ ಸರ್ವರ್, ಪರರ ಆ್ಯಪ್: ಕಡತ ಕಾಯುವ ಕೆಲಸದ ಕಥೆ

ಹನಗೋಡು ಹೋಬಳಿಯ ರೈತರ ಪಹಣಿಗಳು ಒಂದೇ ತಲೆಮಾರಿನಲ್ಲಿ ಮೂರು ಕಡೆ ವಾಸ ಬದಲಿಸಿವೆ. ಮೊದಲಿಗೆ ಅವು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಹುಣಸೂರಿನ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಸೇರಿದವು. ರಾಜ್ಯದ ಸ್ವಂತ ಜಾಲ ಬಲಗೊಂಡ ಮೇಲೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. 177 ತಾಲ್ಲೂಕುಗಳ 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳನ್ನು ಹೀಗೆ ಕಾಗದದಿಂದ ಕಂಪ್ಯೂಟರಿಗೆ ಏರಿಸಲಾಯಿತು. ದಾಖಲೆ ತಿದ್ದುವ ಅಧಿಕಾರಿ ಒಳಹೋಗಲು ಬೆರಳಚ್ಚು ಕೊಡಬೇಕೆಂಬ ಏರ್ಪಾಡು ಆಗಲೇ ಇತ್ತು. ಅದುವರೆಗೆ ಸಾಲಪತ್ರದ ಮೇಲೆ ರೈತನಿಂದ ಒತ್ತಿಸಿಕೊಳ್ಳುತ್ತಿದ್ದ ಹೆಬ್ಬೆಟ್ಟನ್ನು ಸರ್ಕಾರ ಈ ಬಾರಿ ತನ್ನ ನೌಕರರಿಂದಲೇ ಒತ್ತಿಸಿಕೊಂಡಿತು.

ತಾಲ್ಲೂಕಿಗೊಂದು ಸರ್ವರ್ ಎಂದರೆ ತಾಲ್ಲೂಕಿಗೊಂದು ಯುಪಿಎಸ್, ತಾಲ್ಲೂಕಿಗೊಂದು ಬ್ಯಾಕಪ್, ಅದನ್ನು ನೋಡಿಕೊಳ್ಳಲು ತಾಲ್ಲೂಕಿಗೊಬ್ಬ ತಿಳಿದವ. ಎಲ್ಲವನ್ನೂ ಒಂದೆಡೆ ಸೇರಿಸಿದಾಗ ಈ ಖರ್ಚು ತಗ್ಗುತ್ತದೆ, ಕಾವಲು ಬಿಗಿಯಾಗುತ್ತದೆ. ಆದರೆ ಕೇಂದ್ರದ ಸರ್ವರ್ ನಿಂತ ದಿನ ಇಡೀ ರಾಜ್ಯದ ಸರತಿ ಸಾಲು ನಿಲ್ಲುತ್ತದೆ. ಹತ್ತಿರ ಇಡಬೇಕೋ ದೂರ ಇಡಬೇಕೋ ಎಂಬ ಇದೇ ಪ್ರಶ್ನೆ ಕೆಲವೇ ವರ್ಷಗಳಲ್ಲಿ ಖಾಸಗಿ ಕಡತಗಳ ಲೋಕಕ್ಕೂ ಬಂತು.

2008ರಲ್ಲಿ ಡ್ರಾಪ್‌ಬಾಕ್ಸ್ ಸೇವೆ ಸಾರ್ವಜನಿಕರಿಗೆ ತೆರೆಯಿತು. ಒಂದು ಕಂಪ್ಯೂಟರಿನಲ್ಲಿ ಫೋಲ್ಡರ್‌ಗೆ ಹಾಕಿದ ಕಡತ ತಾನಾಗಿಯೇ ಇನ್ನೊಂದರಲ್ಲೂ ಕಾಣಿಸಿಕೊಳ್ಳುವ ಅನುಕೂಲಕ್ಕೆ ಜನ ಮಾರುಹೋದರು. ಕಡತ ಮಾತ್ರ ಕಂಪನಿಯ ಉಗ್ರಾಣದಲ್ಲಿರುತ್ತಿತ್ತು. 2011ರ ಜೂನ್‌ನಲ್ಲಿ ಅಲ್ಲಿನ ಒಂದು ತಪ್ಪು ಮಾರ್ಪಾಡಿನಿಂದಾಗಿ ಸುಮಾರು ನಾಲ್ಕು ಗಂಟೆ ಕಾಲ ಯಾವ ಪಾಸ್‌ವರ್ಡ್ ಒತ್ತಿದರೂ ಖಾತೆ ತೆರೆದುಕೊಳ್ಳುತ್ತಿತ್ತು.

ಅಷ್ಟರಲ್ಲಾಗಲೇ ಬದಲಿ ದಾರಿಯೊಂದು ಹುಟ್ಟಿತ್ತು. ಕೆಡಿಇ ಮುಕ್ತ ತಂತ್ರಾಂಶ ಬಳಗದ ಜರ್ಮನ್ ತಂತ್ರಜ್ಞ ಫ್ರಾಂಕ್ ಕಾರ್ಲಿಚೆಕ್ 2010ರ ಜನವರಿಯಲ್ಲಿ ‘ಓನ್‌ಕ್ಲೌಡ್’ ಯೋಜನೆಯನ್ನು ಪ್ರಕಟಿಸಿದರು. ಅದೇ ಅನುಕೂಲ, ಆದರೆ ಸರ್ವರ್ ಬಳಕೆದಾರನದೇ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಬೇಹುಗಾರಿಕೆಯ ಕಡತಗಳನ್ನು ಬಯಲಿಗಿಟ್ಟ ಮೇಲೆ ಇಂಥ ತಂತ್ರಾಂಶಕ್ಕೆ ಬೆಲೆ ಬಂತು. 2016ರಲ್ಲಿ ಕಾರ್ಲಿಚೆಕ್ ಓನ್‌ಕ್ಲೌಡ್ ಕಂಪನಿಯಿಂದ ಹೊರಬಂದು, ಅದೇ ಮೂಲಸಂಕೇತವನ್ನು ಕವಲೊಡೆಸಿ ಜೂನ್‌ನಲ್ಲಿ ‘ನೆಕ್ಸ್ಟ್‌ಕ್ಲೌಡ್’ ಆರಂಭಿಸಿದರು. ಮುಕ್ತ ಲೈಸೆನ್ಸ್ ಇದ್ದುದರಿಂದ ಯಾರಿಗೂ ತಡೆಯಲಾಗಲಿಲ್ಲ. ಎರಡೇ ವರ್ಷಕ್ಕೆ ಜರ್ಮನಿಯ ಕೇಂದ್ರ ಸರ್ಕಾರದ ಐಟಿ ಸಂಸ್ಥೆಯೂ ಇದನ್ನೇ ಆರಿಸಿಕೊಂಡಿತು.

ಕಡತ ಇಡುವುದಷ್ಟೇ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಇಂಥ ತಂತ್ರಾಂಶ ಬೆಳೆದದ್ದು ಹೊರಗಿನವರು ಬರೆದ ಆ್ಯಪ್‌ಗಳಿಂದ: ಕ್ಯಾಲೆಂಡರ್, ಫೋಟೊ ಆಲ್ಬಂ, ಅರ್ಜಿ ನಮೂನೆ, ಲೆಕ್ಕಪತ್ರ. ಒಂದು ಗುಂಡಿ ಒತ್ತಿದರೆ ಆ್ಯಪ್ ಕೂರುತ್ತದೆ. ಅಪಾಯವೂ ಅಲ್ಲೇ ಕೂರುತ್ತದೆ. ಪಿಎಚ್‌ಪಿ ಭಾಷೆಯಲ್ಲಿ ಬರೆದ ಸಾಮಾನ್ಯ ಆ್ಯಪ್ ಸರ್ವರ್‌ನ ಒಳಗೇ ಓಡುತ್ತದೆ. ಮುಖ್ಯ ತಂತ್ರಾಂಶ ಏನನ್ನು ಓದಬಲ್ಲದೋ ಅದನ್ನೆಲ್ಲ ಆ್ಯಪ್ ಕೂಡ ಓದಬಲ್ಲದು, ಡೇಟಾಬೇಸ್‌ನ ಪಾಸ್‌ವರ್ಡ್ ಸಹಿತ. ನೀರು ಹಾಕಲು ಬಂದ ತೋಟದಾಳಿಗೆ ಬೀರುವಿನ ಬೀಗದ ಕೈ ಕೊಟ್ಟಂತೆ ಇದು. ಆ್ಯಪ್ ಮೇಲೆ ಡಿಜಿಟಲ್ ಸಹಿ ಇರುತ್ತದೆ ನಿಜ. ಆದರೆ ಆ ಸಹಿ ಹೇಳುವುದು ಇಷ್ಟೇ: ಬರೆದವರು ಇವರೇ, ನಡುವೆ ಯಾರೂ ತಿದ್ದಿಲ್ಲ. ಬರೆದದ್ದು ಚೆನ್ನಾಗಿದೆ ಎಂಬ ಭರವಸೆ ಅದರಲ್ಲಿಲ್ಲ. ಆ್ಯಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ವ್ಯವಸ್ಥೆ ನೆಕ್ಸ್ಟ್‌ಕ್ಲೌಡ್‌ಗೆ ಬಂದದ್ದು ತೀರ ಈಚೆಗೆ. ಹಳೆಯ ಬಗೆಯ ಆ್ಯಪ್‌ಗಳೇ ಇಂದಿಗೂ ಹೆಚ್ಚು.

ಇದರ ಬಿಸಿ ಏನೆಂದು 2023ರ ನವೆಂಬರ್ ತೋರಿಸಿತು. ಓನ್‌ಕ್ಲೌಡ್‌ನ ‘ಗ್ರಾಫ್‌ಎಪಿಐ’ ಎಂಬ ಆ್ಯಪ್ ಹೊರಗಿನ ಒಂದು ಸಂಕೇತಸಂಗ್ರಹವನ್ನು ನೆಚ್ಚಿಕೊಂಡಿತ್ತು. ಆ ಸಂಗ್ರಹದೊಳಗೆ ಪರೀಕ್ಷೆಗೆಂದು ಇಟ್ಟಿದ್ದ ಪುಟ್ಟ ಕಡತವೊಂದು ಹಾಗೇ ಉಳಿದಿತ್ತು. ಅದರ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದರೆ ಸಾಕು, ಸರ್ವರ್‌ನ ಒಳಗಿನ ವಿವರವೆಲ್ಲ ತೆರೆಯ ಮೇಲೆ ಬರುತ್ತಿತ್ತು. ಕಂಟೇನರ್‌ನಲ್ಲಿ ಸ್ಥಾಪಿಸಿದ್ದ ಕಡೆ ಆಡಳಿತಗಾರನ ಪಾಸ್‌ವರ್ಡ್ ಕೂಡ ಆ ಪುಟದಲ್ಲಿರಬಹುದಿತ್ತು. ದೋಷಕ್ಕೆ ಹತ್ತಕ್ಕೆ ಹತ್ತು ತೀವ್ರತೆಯ ಅಂಕ ಸಿಕ್ಕಿತು. ಪ್ರಕಟಣೆಯಾದ ಕೆಲವೇ ದಿನಗಳಲ್ಲಿ ದಾಳಿಕೋರರು ಅಂತರಜಾಲವನ್ನು ಜಾಲಾಡತೊಡಗಿದರು. ಆ್ಯಪನ್ನು ‘ಆಫ್’ ಮಾಡಿದರೂ ದೋಷ ಹೋಗುತ್ತಿರಲಿಲ್ಲ. ಆ ಕಡತವನ್ನೇ ಅಳಿಸಿ, ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕಾಯಿತು. ಬಳಸದ ಆ್ಯಪನ್ನು ಬರಿದೇ ಆರಿಸಿಡದೆ ಪೂರ್ತಿ ಕಿತ್ತುಹಾಕಬೇಕು ಎನ್ನುವುದು ಇದಕ್ಕೇ.

ಅದಕ್ಕೂ ನಾಲ್ಕು ವರ್ಷ ಮೊದಲು ನೆಕ್ಸ್ಟ್‌ಕ್ಲೌಡ್ ಸರ್ವರ್‌ಗಳಿಗೇ ಗುರಿಯಿಟ್ಟ ‘ನೆಕ್ಸ್ಟ್‌ಕ್ರೈ’ ಎಂಬ ಸುಲಿಗೆ ತಂತ್ರಾಂಶ ಕಾಣಿಸಿಕೊಂಡಿತ್ತು. ಅದು ಒಳನುಗ್ಗಿದ್ದು ಪಿಎಚ್‌ಪಿಯ ದೋಷವೊಂದರ ಮೂಲಕ ಎಂಬ ಶಂಕೆಯಿತ್ತು. ಆ ದೋಷದ ಬಗ್ಗೆ ನೆಕ್ಸ್ಟ್‌ಕ್ಲೌಡ್ 2019ರ ಅಕ್ಟೋಬರ್‌ನಲ್ಲೇ ಎಚ್ಚರಿಸಿತ್ತು. ಅಪ್‌ಡೇಟ್ ಮಾಡದವರು ನವೆಂಬರ್‌ನಲ್ಲಿ ಸಿಕ್ಕಿಬಿದ್ದರು. ಸರ್ವರ್‌ನಲ್ಲಿ ಬೀಗ ಬಿದ್ದ ಕಡತಗಳು, ಎರಡೂ ಕಡೆಯ ಪ್ರತಿಗಳನ್ನು ತಾನಾಗಿ ಒಂದೇ ಆಗಿಸುವ ಸಿಂಕ್ ಮೂಲಕ ಲ್ಯಾಪ್‌ಟಾಪಿಗೂ ಇಳಿದು ಅಲ್ಲಿದ್ದ ಒಳ್ಳೆಯ ಪ್ರತಿಗಳನ್ನು ಅಳಿಸತೊಡಗಿದವು. ಸಿಂಕ್ ಎಂಬುದು ಬ್ಯಾಕಪ್ ಅಲ್ಲ. ಹಾಳಾದದ್ದನ್ನೂ ಅದು ಅಷ್ಟೇ ಶ್ರದ್ಧೆಯಿಂದ ನಕಲಿಸುತ್ತದೆ.

ಅಪ್‌ಡೇಟ್ ಮಾಡಿದರಾಯಿತಲ್ಲ ಎನ್ನುವುದು ಸುಲಭ. ನೆಕ್ಸ್ಟ್‌ಕ್ಲೌಡ್‌ನ ಪ್ರತಿ ಮುಖ್ಯ ಆವೃತ್ತಿಗೆ ಉಚಿತ ಭದ್ರತಾ ಪರಿಹಾರ ಸಿಗುವುದು ಸುಮಾರು ಒಂದು ವರ್ಷ ಮಾತ್ರ. ನಡುವಿನ ಆವೃತ್ತಿಯನ್ನು ಹಾರಿ ಮುಂದಿನದಕ್ಕೆ ಹೋಗುವಂತಿಲ್ಲ. ಎರಡು ವರ್ಷ ಸುಮ್ಮನಿದ್ದವರು ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಬರಬೇಕು. ಪ್ರತಿ ಮೆಟ್ಟಿಲಲ್ಲೂ ಹೊಸ ಆವೃತ್ತಿಗೆ ಹೊಂದದ ಆ್ಯಪ್‌ಗಳು ನಿಷ್ಕ್ರಿಯವಾಗುತ್ತವೆ. ಬರೆದವನು ಕೈಬಿಟ್ಟ ಆ್ಯಪ್ ಮೇಲೆ ಕಚೇರಿಯ ಕೆಲಸ ನಿಂತಿದ್ದರೆ ಜನ ಅಪ್‌ಡೇಟನ್ನೇ ಮುಂದೂಡುತ್ತಾರೆ. ಎಷ್ಟೋ ಸರ್ವರ್‌ಗಳು ಹಳತಾಗುವುದು ಸೋಮಾರಿತನದಿಂದಲ್ಲ, ಒಂದು ಆ್ಯಪಿನ ಹಂಗಿನಿಂದ.

ಮೊಬೈಲ್ ಕಡೆಯೂ ಹಂಗು ತಪ್ಪಿಲ್ಲ. ನೆಕ್ಸ್ಟ್‌ಕ್ಲೌಡ್‌ನ ಆಂಡ್ರಾಯ್ಡ್ ಆ್ಯಪಿಗೆ ಎಲ್ಲ ಬಗೆಯ ಕಡತ ಮುಟ್ಟುವ ಅನುಮತಿಯನ್ನು ಗೂಗಲ್ ನಿಲ್ಲಿಸಿದೆ ಎಂದು 2025ರ ಮೇನಲ್ಲಿ ಕಂಪನಿ ಬಹಿರಂಗವಾಗಿ ದೂರಿತು. ಆಮೇಲೆ ಅನುಮತಿ ಮರಳಿತು.

ಹನಗೋಡು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಸಹಕಾರ ಸಂಘವೋ ಫೋಟೊ ಸ್ಟುಡಿಯೋವೋ ಹಳೆಯ ಕಂಪ್ಯೂಟರಿನಲ್ಲಿ ಇಂಥ ಸರ್ವರ್ ಇಡುವುದಾದರೆ ತೊಡಕುಗಳು ಬೇರೆ ಬಗೆಯವು. ಕೊಡಗಿನ ಕಡೆಯಿಂದ ಮಳೆಗಾಳಿ ಎದ್ದಾಗ ಕರೆಂಟು ಹೋಗುತ್ತದೆ. ಡೇಟಾಬೇಸ್ ಬರೆಯುತ್ತಿರುವಾಗಲೇ ಯಂತ್ರ ಆರಿದರೆ ಕಡತ ಇದ್ದೂ ಅದರ ಲೆಕ್ಕ ಕೆಡಬಹುದು. ಯುಪಿಎಸ್ ಮೊದಲ ಖರ್ಚಾಗಬೇಕು. ಮೊಬೈಲ್ ಕಂಪನಿಗಳ ಇಂಟರ್ನೆಟ್‌ನಲ್ಲಿ ಸಾಮಾನ್ಯವಾಗಿ ಸ್ವಂತ ಐಪಿ ವಿಳಾಸ ಸಿಗದು, ನೂರಾರು ಗ್ರಾಹಕರು ಒಂದೇ ವಿಳಾಸ ಹಂಚಿಕೊಂಡಿರುತ್ತಾರೆ. ಹಾಗಾಗಿ ಹೊರಗಿನಿಂದ ಸರ್ವರ್‌ಗೆ ನೇರ ದಾರಿ ಇರದು; ಇದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಸರ್ವರನ್ನು ಜಗತ್ತಿಗೆಲ್ಲ ತೆರೆಯುವ ಬದಲು ವೈರ್‌ಗಾರ್ಡ್‌ನಂಥ ಖಾಸಗಿ ಸುರಂಗದ ಮೂಲಕ ಸಂಘದವರ ಫೋನ್‌ಗಳಿಗೆ ಮಾತ್ರ ದಾರಿ ಬಿಟ್ಟರೆ, ಗ್ರಾಫ್‌ಎಪಿಐ ತರಹದ ದೋಷ ಇದ್ದರೂ ಹೊರಗಿನವರಿಗೆ ಬಾಗಿಲೇ ಕಾಣದು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಳಿ ‘ಜನಸ್ತು’ ಸಂಸ್ಥೆ ಊರಿನವರೊಂದಿಗೆ ಕಟ್ಟಿದ ಸಮುದಾಯ ವೈಫೈ ಜಾಲವೂ ಊರೊಳಗಿನ ಮಾಹಿತಿಯನ್ನು ಊರೊಳಗೇ ಇಡುವ ಇಂಥದೇ ಯೋಚನೆಯದು.

ಉಳಿದ ಪಾಲನೆ ದೊಡ್ಡ ವಿದ್ಯೆಯೇನಲ್ಲ, ಆದರೆ ಯಾರ ಕೆಲಸ ಎಂಬುದು ಗೊತ್ತಿರಬೇಕು. ಆಡಳಿತಗಾರನ ಖಾತೆಗೆ ಎರಡು ಹಂತದ ಪರಿಶೀಲನೆ. ಪ್ರತಿ ಫೋನಿಗೂ ಬೇರೆ ಆ್ಯಪ್ ಪಾಸ್‌ವರ್ಡ್, ಫೋನ್ ಕಳೆದರೆ ಅದೊಂದನ್ನೇ ರದ್ದು ಮಾಡಲು. ಹಂಚಿಕೆಯ ಲಿಂಕುಗಳಿಗೆ ಅವಧಿ. ಬ್ಯಾಕಪ್‌ನಲ್ಲಿ ಕಡತಗಳ ಫೋಲ್ಡರ್ ಜೊತೆಗೆ ಡೇಟಾಬೇಸ್ ಮತ್ತು ಸಂರಚನಾ ಕಡತವೂ ಇರಬೇಕು. ಡೇಟಾಬೇಸ್ ಇಲ್ಲದಿದ್ದರೆ ಯಾವ ಕಡತವನ್ನು ಯಾರಿಗೆ ಹಂಚಲಾಗಿತ್ತು ಎಂಬ ಲೆಕ್ಕವೇ ಸಿಗದು. ಒಂದು ಪ್ರತಿ ಸರ್ವರ್‌ನಿಂದ ಬಿಡಿಸಿ ಬೇರೆ ಕಟ್ಟಡದಲ್ಲಿರಬೇಕು. ಸದಸ್ಯರ ವಿವರ ಇಟ್ಟುಕೊಳ್ಳುವ ಸಂಘಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಗಮನದಲ್ಲಿಡಬೇಕು.

ಅಪ್‌ಡೇಟ್ ನೋಡಿಕೊಳ್ಳಲು ಹೆಸರಿಟ್ಟು ಒಬ್ಬರನ್ನು ನೇಮಿಸದ, ವರ್ಷಕ್ಕೊಮ್ಮೆಯಾದರೂ ಬ್ಯಾಕಪ್‌ನಿಂದ ಕಡತ ಮರಳಿ ತೆಗೆದು ನೋಡದ ಸಂಘ ಸ್ವಂತ ಸರ್ವರ್‌ನ ಗೊಡವೆಗೆ ಹೋಗದಿರುವುದೇ ಕ್ಷೇಮ.