ನಕ್ಷೆ ಬರೆದವರು, ಸಾಲಿನಲ್ಲಿ ನಿಂತವರು

ನಗರ ನಿರ್ಮಾಣವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮೇಲ್ಸೇತುವೆಗಳು, ಗಗನಚುಂಬಿ ಕಟ್ಟಡಗಳು. ಆದರೆ ಮಹಾನಗರವೊಂದರ ಆರೋಗ್ಯವನ್ನು ಅರಿಯಬೇಕಾದರೆ ಅದರ ಝೋಪಡಪಟ್ಟಿಯ ಶೌಚಾಲಯದ ಮುಂದೆ ಬೆಳಗಿನ ಜಾವ ನಿಂತು ನೋಡಬೇಕು. ಕಲಬುರಗಿ, ವಿಜಯಪುರದ ಕಡೆಯಿಂದ ಕೂಲಿಗಾಗಿ ಬಂದ ನಮ್ಮವರೂ ಆ ಸಾಲಿನಲ್ಲಿರುತ್ತಾರೆ. ರೈಲಿನ ಕಿಟಕಿಯಿಂದ ಕಂಡು ಮುಖ ತಿರುಗಿಸಿದವರಲ್ಲಿ ಈ ಲೇಖಕನೂ ಒಬ್ಬ.

ನಗರಪಾಲಿಕೆಗಳು ಹಿಂದೆಯೂ ಶೌಚಾಲಯಗಳನ್ನು ಕಟ್ಟಿಸದೆ ಇರಲಿಲ್ಲ. ಇಂಜಿನಿಯರರು ನಕ್ಷೆ ಬರೆದರು, ಗುತ್ತಿಗೆದಾರರು ಕಟ್ಟಿದರು. ಬಳಸುವವರನ್ನು ಯಾರೂ ಕೇಳಲಿಲ್ಲ. ಎಷ್ಟೋ ಕಡೆ ನೀರಿಲ್ಲ, ದೀಪವಿಲ್ಲ, ಶುಚಿ ಮಾಡುವವರಿಲ್ಲ. ಅವು ಬಹುಬೇಗ ಹಾಳುಬಿದ್ದವು. ಮಲಿನವೆಲ್ಲ ನಾಲೆಗೆ, ನಾಲೆಯಿಂದ ನದಿಗೆ ಸೇರಿತು. ಕತ್ತಲಾಗುವವರೆಗೆ ತಡೆದುಕೊಳ್ಳಬೇಕೆಂದು ಹಗಲೆಲ್ಲ ನೀರು ಕುಡಿಯದ ಹೆಂಗಸಿಗೆ ಮೂತ್ರನಾಳದ ಸೋಂಕು, ಮಲಬದ್ಧತೆ. ದೊಡ್ಡವರು ಸಾಲಿನಿಂದ ತಳ್ಳಿದ್ದರಿಂದ ಚರಂಡಿಯ ಅಂಚಿನಲ್ಲಿ ಕುಳಿತ ಮಗುವಿಗೆ ಅತಿಸಾರ, ಜಂತುಹುಳು.

1999ರಲ್ಲಿ ಪುಣೆಯ ಆಯುಕ್ತರಾಗಿದ್ದ ರತ್ನಾಕರ ಗಾಯಕವಾಡರು ಈ ಕೆಲಸಕ್ಕೆ ಸ್ವಯಂಸೇವಾ ಸಂಸ್ಥೆಗಳನ್ನು ಆಹ್ವಾನಿಸಿದರು. ಮುಂದೆ ಬಂದವರಲ್ಲಿ ಮುಂಬಯಿಯ ಸ್ಪಾರ್ಕ್, ಮಹಿಳಾ ಮಿಲನ್ ಮತ್ತು ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟಗಳು ಮುಖ್ಯವಾದವು. ಒಕ್ಕೂಟದ ನಾಯಕ ಜಾಕಿನ್ ಅರ್ಪುತಮ್ ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. 1976ರಲ್ಲಿ ಅವರಿದ್ದ ಮುಂಬಯಿಯ ಜನತಾ ಕಾಲನಿಯನ್ನೇ ನೆಲಸಮ ಮಾಡಲಾಗಿತ್ತು. 2000ದಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಮಹಿಳಾ ಮಿಲನ್ 1986ರಲ್ಲಿ ಭಾಯಖಳಾದ ಕಾಲುದಾರಿಯ ಮೇಲೆ ಬಾಳುತ್ತಿದ್ದ ಹೆಂಗಸರ ಉಳಿತಾಯದ ಕೂಟವಾಗಿ ಆರಂಭವಾದದ್ದು. ದಿನಕ್ಕೊಂದೆರಡು ರೂಪಾಯಿ ಕೂಡಿಟ್ಟು ಲೆಕ್ಕ ಒಪ್ಪಿಸುವುದನ್ನು ಕಲಿತವರಿಗೆ ಕಟ್ಟಡದ ಲೆಕ್ಕ ಕಠಿಣವಾಗಲಿಲ್ಲ. ಪುಣೆಯಲ್ಲಿ ಕೆಲವು ಹೆಂಗಸರು ತಾವೇ ಗುತ್ತಿಗೆ ಹಿಡಿದು ಕಟ್ಟಿಸಿದರು.

ಅವರು ಸೇರಿ ಬರೆದ ನಕ್ಷೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ಬಾಗಿಲು, ಬೇರೆಬೇರೆ ಸಾಲು. ನೀರಿಗೆ ದೊಡ್ಡ ತೊಟ್ಟಿ. ಗಾಳಿ ಬೆಳಕು ಧಾರಾಳ. ಮುದುಕರಿಗೂ ಅಂಗವಿಕಲರಿಗೂ ಅನುಕೂಲವಾದ ಕೋಣೆ. ಮಕ್ಕಳಿಗೆಂದು ಚಿಕ್ಕ ಪೀಠಗಳು, ಹಿಡಿದುಕೊಳ್ಳಲು ಹಿಡಿಕೆ; ಗುಂಡಿಗೆ ಬೀಳುವ ಭಯವಿರದಂತೆ ಕಿರಿದಾದ ಬಾಯಿ. ಈ ಕೊನೆಯ ಅಂಶ ಯಾವ ಇಂಜಿನಿಯರನಿಗೂ ಹೊಳೆದಿರಲಾರದು, ತಾಯಿಗೆ ಹೊಳೆಯಿತು. ನೋಡಿಕೊಳ್ಳುವವರ ಕುಟುಂಬಕ್ಕೆ ಅಲ್ಲಿಯೇ ಒಂದು ಕೋಣೆ.

ಬ್ಯಾಂಕಿನ ಲೆಕ್ಕದ ಅಭ್ಯಾಸವಿರುವ ನನಗೆ ಇದರ ಹಣಕಾಸೂ ಸ್ವಾರಸ್ಯವೆನಿಸುತ್ತದೆ. ಪ್ರತಿ ಸಲಕ್ಕೂ ತಲಾ ಒಂದು ರೂಪಾಯಿಯಂತೆ ಕೊಟ್ಟರೆ ಐದು ಜನರ ಕುಟುಂಬಕ್ಕೆ ತಿಂಗಳಿಗೆ 150 ರೂಪಾಯಿ. ಆಗಿನ ಕೂಲಿಯವನ ಜೇಬಿಗೆ ಅದು ದುಬಾರಿಯಾಗಿತ್ತು. ಇಲ್ಲಿ ಆಗ ಒಂದು ಕುಟುಂಬಕ್ಕೆ ತಿಂಗಳಿಗೆ 20 ರೂಪಾಯಿಯ ಆಸುಪಾಸಿನ ಪಾಸು ಇತ್ತು. ಎರಡೇ ವರ್ಷಗಳಲ್ಲಿ ಪುಣೆಯಲ್ಲಿ ಇಂತಹ 400ಕ್ಕೂ ಹೆಚ್ಚು ಶೌಚಾಲಯ ಸಮುಚ್ಚಯಗಳು ಎದ್ದವು. ಹಾಗೆಂದು ಎಲ್ಲವೂ ಒಂದೇ ಸಮನೆ ನಡೆದವೆಂದು ಹೇಳಲಾಗದು. ನೀರು, ಒಳಚರಂಡಿಗಳ ಸಂಪರ್ಕವನ್ನು ಪಾಲಿಕೆಯೇ ಕೊಡಬೇಕು. ಅದು ತಡವಾದರೆ, ಸ್ಥಳೀಯ ಸಮಿತಿ ಸಡಿಲವಾದರೆ ಒಳ್ಳೆಯ ನಕ್ಷೆಯೂ ನಾರುತ್ತದೆ.

ಕಟ್ಟಡ ಮುಗಿದಾಗ ಈ ಜನ 'ಸಂಡಾಸ ಮೇಳ'ವೆಂದು ಹಬ್ಬ ಮಾಡುತ್ತಿದ್ದರು. ಹೆಸರು ಕೇಳಿ ನಾವು ನಕ್ಕೇವು. 2001ರ ಜೂನಿನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದೊಳಗೆ ಅದೇ ಶೌಚಾಲಯದ ಪೂರ್ಣಪ್ರಮಾಣದ ಮಾದರಿಯನ್ನು ನಿಲ್ಲಿಸಿದಾಗ, ಅದನ್ನು ನೋಡಲು ಬಂದವರಲ್ಲಿ ಮಹಾಕಾರ್ಯದರ್ಶಿ ಕೋಫಿ ಅನ್ನಾನರೂ ಇದ್ದರು.