ವೆಬ್‌ಸೈಟ್ ಅಪ್‌ಡೇಟ್: ಮಾರುವವರು ತಿಳಿದಿರಬೇಕಾದದ್ದು

ವೆಬ್‌ಸೈಟ್ ವೇದಿಕೆ ಎಂದರೆ ಪುಟಗಳನ್ನು ಬರೆಯಲು, ಕಾಪಿಡಲು ಮತ್ತು ಕೇಳಿದವರ ಮೊಬೈಲಿಗೆ ತಲುಪಿಸಲು ಬಳಸುವ ತಂತ್ರಾಂಶ. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ ಈ ಬಗೆಯವು. ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ 2003ರ ಮೇ 27ರಂದು ಹೊರತಂದ ವರ್ಡ್‌ಪ್ರೆಸ್ ಇವುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿದೆ. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಇದರ ಮೇಲೆಯೇ ನಡೆಯುತ್ತವೆ. ಇದು ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಇದೆ. ಆದ್ದರಿಂದ ಸಣ್ಣ ಸಂಸ್ಥೆಗಳಿಗೂ ಇದು ಕೈಗೆಟುಕುವ ಸಾಧನ.

ಹಾವೇರಿ ಜಿಲ್ಲೆಯಲ್ಲಿ ಹೊರಗಿನವರಿಗೆ ತಿಳಿಸಿ ಮಾರಬೇಕಾದ ಸರಕಿಗೆ ಕೊರತೆಯಿಲ್ಲ. ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ ಮತ್ತು ಖಾರ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಇವೆ. ಪ್ರವಾಸಿಗರಿಗೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ತಿಳವಳ್ಳಿಯ 13ನೇ ಶತಮಾನದ ಶಾಂತೇಶ್ವರ ದೇವಾಲಯ ಇವೆ. ಇಂಥವುಗಳ ಬಗ್ಗೆ ವೆಬ್‌ಸೈಟ್ ನಡೆಸುವ ರೈತ ಉತ್ಪಾದಕರ ಕಂಪನಿಯಲ್ಲಾಗಲಿ, ಸ್ತ್ರೀಶಕ್ತಿ ಸಂಘದಲ್ಲಾಗಲಿ ಮಾರಾಟ ತಂಡವೆಂದರೆ ಹೆಚ್ಚಾಗಿ ಇಬ್ಬರೋ ಮೂವರೋ. ತಾಂತ್ರಿಕ ಕೆಲಸವನ್ನು ಹುಬ್ಬಳ್ಳಿಯ ಅಥವಾ ಬೆಂಗಳೂರಿನ ಯಾರಿಗೋ ವಹಿಸಿರುತ್ತಾರೆ. ಅಪ್‌ಡೇಟ್ ಮಾಡುವುದು ತಂತ್ರಜ್ಞರ ಕೆಲಸವೇ ಸರಿ. ಆದರೆ ಅದರ ಲಾಭವಾಗಲಿ ನಷ್ಟವಾಗಲಿ ಮೊದಲು ಕಾಣಿಸುವುದು ಮಾರಾಟದಲ್ಲಿ.

ಪದರಗಳು ಮತ್ತು ಸಂಖ್ಯೆಗಳು

ವರ್ಡ್‌ಪ್ರೆಸ್ ವೆಬ್‌ಸೈಟಿನಲ್ಲಿ ಹಲವು ಪದರಗಳಿರುತ್ತವೆ. ಕೆಳಗೆ ಸರ್ವರ್, ಅದರಲ್ಲಿ ಪಿಎಚ್‌ಪಿ ಎಂಬ ಭಾಷೆ ಮತ್ತು ಮೈಎಸ್‌ಕ್ಯೂಎಲ್‌ನಂಥ ದತ್ತಸಂಚಯ. ಅದರ ಮೇಲೆ ವರ್ಡ್‌ಪ್ರೆಸ್‌ನ ಮೂಲ ತಂತ್ರಾಂಶ. ಪುಟದ ರೂಪ ನಿರ್ಧರಿಸುವುದು ಥೀಮ್. ಆರ್ಡರ್ ಫಾರ್ಮ್, ಹಣ ಪಾವತಿ, ಫೋಟೋ ಸ್ಲೈಡ್‌ನಂಥ ಸೌಲಭ್ಯ ಕೊಡುವವು ಪ್ಲಗಿನ್‌ಗಳು. ಬರೆದ ಮಾತು, ಬೆಲೆ, ಗ್ರಾಹಕರ ವಿವರ ಎಲ್ಲವೂ ದತ್ತಸಂಚಯದಲ್ಲಿರುತ್ತವೆ. ಪ್ರತಿ ಪದರವನ್ನು ಬೇರೆ ಬೇರೆಯವರು ತಯಾರಿಸುತ್ತಾರೆ, ಬೇರೆ ಬೇರೆ ದಿನ ಬದಲಿಸುತ್ತಾರೆ. ಒಂದು ಪದರ ಹೊಸದಾಗಿ, ಅದಕ್ಕೆ ತಾಗಿದ ಇನ್ನೊಂದು ಹಳೆಯದಾಗಿಯೇ ಉಳಿದಾಗ ತೊಂದರೆ ಹುಟ್ಟುತ್ತದೆ.

ಬರುವ ಅಪ್‌ಡೇಟ್ ಎಂಥದ್ದೆಂದು ಅದರ ಸಂಖ್ಯೆಯೇ ಹೇಳುತ್ತದೆ. ವರ್ಡ್‌ಪ್ರೆಸ್‌ನಲ್ಲಿ 6.7ರಿಂದ 6.8ಕ್ಕೆ ಹೋದರೆ ದೊಡ್ಡ ಅಪ್‌ಡೇಟ್. ಹೊಸ ಸೌಲಭ್ಯಗಳು ಬಂದಿರುತ್ತವೆ. 6.8ರಿಂದ 6.8.1ಕ್ಕೆ ಹೋದರೆ ಅದು ದೋಷ ತಿದ್ದುವ ಸಣ್ಣ ಅಪ್‌ಡೇಟ್. 2013ರ ಅಕ್ಟೋಬರಿನಲ್ಲಿ ಬಂದ 3.7ರಿಂದ ಈಚೆಗೆ ಸಣ್ಣ ಅಪ್‌ಡೇಟ್‌ಗಳು ತಾವಾಗಿಯೇ ಆಗುವ ವ್ಯವಸ್ಥೆಯಿದೆ. ಇದನ್ನು ನಿಲ್ಲಿಸದಿರುವುದೇ ಕ್ಷೇಮ. ದೊಡ್ಡದಕ್ಕೆ ಮಾತ್ರ ದಿನ ಗೊತ್ತುಮಾಡಿಕೊಂಡು ತಯಾರಾಗಬೇಕು.

ಮಾಡದಿದ್ದರೆ ಏನಾಗುತ್ತದೆ

ಅಪ್‌ಡೇಟ್ ಮಾಡಲು ಮೊದಲ ಕಾರಣ ಭದ್ರತೆ. ವರ್ಡ್‌ಪ್ರೆಸ್ 4.7ರಲ್ಲಿದ್ದ ಒಂದು ದೋಷದಿಂದ ಹೊರಗಿನವರು ಲಾಗಿನ್ ಆಗದೆಯೇ ಪುಟಗಳನ್ನು ತಿದ್ದಬಹುದಿತ್ತು. 2017ರ ಜನವರಿ 26ರಂದು 4.7.2ರಲ್ಲಿ ಅದನ್ನು ಸರಿಪಡಿಸಲಾಯಿತು. ವೆಬ್‌ಸೈಟ್‌ಗಳಿಗೆ ಅಪ್‌ಡೇಟ್ ತಲುಪಲು ಕೆಲವು ದಿನ ಬಿಟ್ಟು, ಫೆಬ್ರುವರಿ 1ರಂದು ದೋಷದ ವಿವರ ಪ್ರಕಟಿಸಿದರು. ಅಷ್ಟರಲ್ಲಿಯೂ ಅಪ್‌ಡೇಟ್ ಆಗದೆ ಉಳಿದಿದ್ದ ವೆಬ್‌ಸೈಟ್‌ಗಳಲ್ಲಿ ಮುಂದಿನ ದಿನಗಳಲ್ಲಿ ಲಕ್ಷಗಟ್ಟಲೆ ಪುಟಗಳು ವಿರೂಪಗೊಂಡವು. ಡ್ರೂಪಲ್‌ನಲ್ಲಿ 2014ರ ಅಕ್ಟೋಬರ್ 15ರಂದು ಪ್ರಕಟವಾದ ದೋಷ ಇನ್ನೂ ತೀವ್ರವಾಗಿತ್ತು. ಪ್ರಕಟಣೆಯಾದ 7 ಗಂಟೆಯೊಳಗೆ ಸರಿಪಡಿಸದ ವೆಬ್‌ಸೈಟ್ ಪರರ ವಶವಾಗಿದೆ ಎಂದೇ ತಿಳಿಯಬೇಕೆಂದು ಡ್ರೂಪಲ್‌ನ ಭದ್ರತಾ ತಂಡವೇ ಎಚ್ಚರಿಸಿತು.

ಇಂಥ ದಾಳಿಯ ಹೊಡೆತ ಮಾರಾಟಕ್ಕೆ ನೇರವಾಗಿ ಬೀಳುತ್ತದೆ. ದಾಳಿಗಾರರು ಪುಟದೊಳಗೆ ಜೂಜು, ಔಷಧಗಳ ಲಿಂಕ್‌ಗಳನ್ನು ಸೇರಿಸುತ್ತಾರೆ. ಹುಡುಕಾಟದಲ್ಲಿ ಮಾವಿನ ಬದಲು ಅವೇ ಕಾಣಿಸಿಕೊಳ್ಳುತ್ತವೆ. ಅಪಾಯ ಪತ್ತೆಯಾದರೆ ಬ್ರೌಸರ್ ಕೆಂಪು ಪರದೆ ತೋರಿಸಿ ಬಂದವರನ್ನು ಬಾಗಿಲಲ್ಲೇ ತಡೆಯುತ್ತದೆ. ವೆಬ್‌ಸೈಟ್ ಶುದ್ಧವಾದ ಮೇಲೂ ಕಳೆದುಕೊಂಡ ನಂಬಿಕೆ ಬೇಗ ಮರಳುವುದಿಲ್ಲ.

ಮಾಡಿದಾಗ ಏನು ಕೆಡಬಹುದು

ಅಪ್‌ಡೇಟ್ ಮಾಡಿದ ಮೇಲೂ ಕೆಲವೊಮ್ಮೆ ತೊಂದರೆಯಾಗುತ್ತದೆ. ಮೊದಲನೆಯದು ಇದ್ದ ಸೌಲಭ್ಯ ಕೆಲಸ ನಿಲ್ಲಿಸುವುದು. 2020ರ ಆಗಸ್ಟಿನಲ್ಲಿ ಬಂದ ವರ್ಡ್‌ಪ್ರೆಸ್ 5.5ರಲ್ಲಿ ಜೆಕ್ವೆರಿ ಮೈಗ್ರೇಟ್ ಎಂಬ ಹಳೆಯ ನೆರವಿನ ತುಣುಕನ್ನು ನಿಲ್ಲಿಸಲಾಯಿತು. ಅದನ್ನೇ ನೆಚ್ಚಿಕೊಂಡಿದ್ದ ಥೀಮ್ ಮತ್ತು ಪ್ಲಗಿನ್‌ಗಳು ಅನೇಕ ವೆಬ್‌ಸೈಟ್‌ಗಳಲ್ಲಿ ಕೆಲಸ ನಿಲ್ಲಿಸಿದವು. ಆ ತುಣುಕನ್ನು ಮರಳಿ ಕೊಡಲು ಬೇರೊಂದು ಪ್ಲಗಿನ್ನನ್ನೇ ಬಿಡುಗಡೆ ಮಾಡಬೇಕಾಯಿತು. ಇಂಥ ಸಂದರ್ಭದಲ್ಲಿ ಪುಟ ಚೆನ್ನಾಗಿಯೇ ಕಾಣುತ್ತಿರುತ್ತದೆ, ಆದರೆ 'ಆರ್ಡರ್ ಮಾಡಿ' ಎಂಬ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಸರ್ವರ್ ನೋಡುವ ತಂತ್ರಜ್ಞನ ಕಣ್ಣಿಗೆ ಇದು ಬೀಳದೆ ಹೋಗಬಹುದು. ಬೆಳಗಿನಿಂದ ಒಂದೂ ಆರ್ಡರ್ ಬಂದಿಲ್ಲವೆಂದು ಗಮನಿಸುವವರು ಮಾರಾಟದವರೇ.

ಎರಡನೆಯದು ಲೆಕ್ಕ ತಪ್ಪುವುದು. ಎಷ್ಟು ಜನ ಬಂದರು, ಎಲ್ಲಿಂದ ಬಂದರು ಎಂದು ಎಣಿಸುವ ಸಣ್ಣ ಕೋಡನ್ನು ಕೆಲವರು ನೇರವಾಗಿ ಥೀಮ್‌ನ ಕಡತದಲ್ಲೇ ಬರೆದಿರುತ್ತಾರೆ. ಥೀಮ್ ಅಪ್‌ಡೇಟ್ ಆದಾಗ ಹಳೆಯ ಕಡತದ ಜಾಗಕ್ಕೆ ಹೊಸದು ಬಂದು ಕೂರುತ್ತದೆ, ಎಣಿಕೆಯ ಕೋಡು ಅಳಿಯುತ್ತದೆ. ಮರುದಿನದ ವರದಿಯಲ್ಲಿ ಭೇಟಿ ಸೊನ್ನೆ. ಜನ ಬರುತ್ತಲೇ ಇರುತ್ತಾರೆ, ಎಣಿಸುವುದಷ್ಟೇ ನಿಂತಿರುತ್ತದೆ. ಇದನ್ನರಿಯದೆ ಜಾಹೀರಾತು ಫಲಿಸಲಿಲ್ಲವೆಂದು ನಿಲ್ಲಿಸಿದರೆ ಅದು ಎರಡನೆಯ ನಷ್ಟ. ಸ್ವಂತ ತಿದ್ದುಪಡಿಗಳನ್ನು 'ಚೈಲ್ಡ್ ಥೀಮ್' ಎಂಬ ಪ್ರತ್ಯೇಕ ಪದರದಲ್ಲಿಟ್ಟರೆ ಅವು ಉಳಿಯುತ್ತವೆ.

ಮೂರನೆಯದು ಬರೆಯುವ ರೀತಿಯೇ ಬದಲಾಗುವುದು. 2018ರ ಡಿಸೆಂಬರಿನಲ್ಲಿ ಬಂದ 5.0ರಲ್ಲಿ ಹಳೆಯ ಸಂಪಾದನಾ ಪುಟದ ಜಾಗಕ್ಕೆ ಗುಟೆನ್‌ಬರ್ಗ್ ಬಂತು. ಪ್ರತಿ ಪ್ಯಾರಾ, ಪ್ರತಿ ಚಿತ್ರ ಒಂದೊಂದು ಬ್ಲಾಕ್ ಆಯಿತು. ದಿನವೂ ಬೆಲೆ ತಿದ್ದುವವರಿಗೆ ಇಂಥ ಬದಲಾವಣೆ ಕಲಿಯಲು ಸಮಯ ಕೊಡಲೇಬೇಕು.

ಕನ್ನಡದ ವಿಳಾಸಗಳು

ಕನ್ನಡ ವೆಬ್‌ಸೈಟ್‌ಗಳಿಗೆ ಇನ್ನೂ ಒಂದು ಎಚ್ಚರ ಬೇಕು. ಪುಟದ ತಲೆಬರಹದಿಂದ ವರ್ಡ್‌ಪ್ರೆಸ್ ಆ ಪುಟದ ವಿಳಾಸವನ್ನು ತಾನೇ ತಯಾರಿಸುತ್ತದೆ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ವ್ಯಂಜನಕ್ಕೆ, ಪ್ರತಿ ಗುಣಿತ ಚಿಹ್ನೆಗೆ, ಒತ್ತಕ್ಷರ ಕೂಡಿಸುವ ವಿರಾಮಕ್ಕೆ ತಲಾ 3 ಬೈಟ್ ಬೇಕು. ವಿಳಾಸದಲ್ಲಿ ಬರೆಯುವಾಗ ಒಂದೊಂದು ಬೈಟ್ ಶೇಕಡಾ ಚಿಹ್ನೆಯೂ ಸೇರಿ 3 ಅಕ್ಷರವಾಗುತ್ತದೆ. 'ತಿಳವಳ್ಳಿ' ಎಂಬುದರಲ್ಲಿ ತ, ಗುಣಿತದ ಇ, ಳ, ವ, ಳ, ವಿರಾಮ, ಳ, ಗುಣಿತದ ಇ ಎಂದು 8 ಘಟಕಗಳಿವೆ. ಅಂದರೆ 24 ಬೈಟ್, ವಿಳಾಸದಲ್ಲಿ 72 ಅಕ್ಷರ.

ವರ್ಡ್‌ಪ್ರೆಸ್ ಪುಟದ ಹೆಸರಿಗೆ ಮೀಸಲಿಟ್ಟಿರುವುದು 200 ಅಕ್ಷರ ಮಾತ್ರ. 'ಬ್ಯಾಡಗಿ ಮೆಣಸಿನಕಾಯಿ' ಎಂಬ ಎರಡೇ ಪದ ನಡುವಿನ ಅಡ್ಡಗೆರೆಯೂ ಸೇರಿ 154 ಅಕ್ಷರ ತಿನ್ನುತ್ತದೆ. 'ಬೆಲೆ' ಸೇರಿಸಿದರೆ 191. ನಾಲ್ಕನೆಯ ಪದಕ್ಕೆ ಜಾಗವೇ ಇಲ್ಲ, ವಿಳಾಸ ಅಲ್ಲಿಗೇ ತುಂಡಾಗುತ್ತದೆ. ಈ ತೊಡಕು ತಪ್ಪಿಸಲು ಅಪ್‌ಡೇಟ್ ಹೊತ್ತಿನಲ್ಲಿ ಎಷ್ಟೋ ಸಲ ವಿಳಾಸಗಳನ್ನು ಇಂಗ್ಲಿಷ್ ಲಿಪಿಗೆ ಬದಲಿಸುತ್ತಾರೆ. ಬದಲಿಸುವುದು ತಪ್ಪಲ್ಲ, ಆದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿದ, ಚೀಲದ ಮೇಲೆ ಕ್ಯೂಆರ್ ಕೋಡ್ ಆಗಿ ಅಚ್ಚಾದ ಹಳೆಯ ಲಿಂಕ್‌ಗಳು ಪುಟ ಸಿಗಲಿಲ್ಲವೆಂಬ 404 ದೋಷ ತೋರಿಸತೊಡಗಬಹುದು. ಅಂಗಡಿ ಬೇರೆ ಓಣಿಗೆ ಹೋದಾಗ ಹಳೆಯ ಬಾಗಿಲಿಗೆ ಹೊಸ ವಿಳಾಸದ ಬೋರ್ಡು ತೂಗುಹಾಕುವ ಹಾಗೆ, ಪ್ರತಿ ಹಳೆಯ ವಿಳಾಸಕ್ಕೂ '301' ಎಂಬ ಶಾಶ್ವತ ತಿರುವು ಬರೆದಿಡಬೇಕು. ಯಾವ ಲಿಂಕ್ ಎಲ್ಲೆಲ್ಲಿ ಅಚ್ಚಾಗಿದೆ ಎಂಬ ಪಟ್ಟಿ ಇರುವುದು ಮಾರಾಟ ತಂಡದ ಬಳಿ. ಅದನ್ನು ತಂತ್ರಜ್ಞರಿಗೆ ಕೊಡಬೇಕಾದವರೂ ಅವರೇ.

ದತ್ತಸಂಚಯವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಅಕ್ಷರ ಪದ್ಧತಿ ತಪ್ಪಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಹಾಗಾದ ಮೇಲೆ ಮೂಲ ಅಕ್ಷರ ಬ್ಯಾಕಪ್‌ನಿಂದಲ್ಲದೆ ಮರಳಿ ಬಾರದು. 2024ರ ಏಪ್ರಿಲಿನಲ್ಲಿ ಬಂದ 6.5ರಿಂದ ನೋಟೊ ಸಾನ್ಸ್ ಕನ್ನಡದಂಥ ಫಾಂಟ್‌ಗಳನ್ನು ವೇದಿಕೆಯೊಳಗಿಂದಲೇ ಸೇರಿಸಬಹುದು. ಓದುಗರ ಫೋನಿನಲ್ಲಿ ಯಾವ ಫಾಂಟ್ ಇದ್ದರೂ ಒತ್ತಕ್ಷರಗಳು ಸರಿಯಾಗಿ ಮೂಡಲು ಇದು ನೆರವಾಗುತ್ತದೆ.

ಲಾಭವೇನು

ಭದ್ರತೆಯಲ್ಲದೆ, ಹೊಸ ಆವೃತ್ತಿಗಳಿಂದ ವೇಗವೂ ಹೆಚ್ಚುತ್ತದೆ. 5.5ರಿಂದ ಚಿತ್ರಗಳು ಓದುಗ ಅಲ್ಲಿಗೆ ತಲುಪಿದಾಗಷ್ಟೇ ಇಳಿಯುತ್ತವೆ. 2021ರ ಜುಲೈನ 5.8ರಿಂದ ಕಡಿಮೆ ಗಾತ್ರದ ವೆಬ್‌ಪಿ ಚಿತ್ರಗಳನ್ನು ಬಳಸಬಹುದು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಗೂಗಲ್ ಅದನ್ನು ಒಳ್ಳೆಯ ವೇಗವೆಂದು ಪರಿಗಣಿಸುತ್ತದೆ. ನೆಟ್‌ವರ್ಕ್ ದುರ್ಬಲವಾಗಿರುವ ಹಳ್ಳಿಯಲ್ಲಿ ಈ ಉಳಿತಾಯಕ್ಕೆ ಬೆಲೆ ಹೆಚ್ಚು.

ಅಪ್‌ಡೇಟ್ ದಿನದ ಕ್ರಮ

ಮೊದಲು ದಿನ ಆರಿಸಬೇಕು. ಬ್ಯಾಡಗಿಗೆ ಮೆಣಸಿನಕಾಯಿ ಆವಕ ಹೆಚ್ಚುವುದು ಜನವರಿಯಿಂದ ಮಾರ್ಚ್‌ವರೆಗೆ, ಮಾವಿನ ಸುಗ್ಗಿ ಏಪ್ರಿಲ್, ಮೇ ತಿಂಗಳಲ್ಲಿ. ಈ ಸರಕು ಮಾರುವವರು ದೊಡ್ಡ ಅಪ್‌ಡೇಟನ್ನು ಸುಗ್ಗಿಗೆ ಮೊದಲೇ ಮುಗಿಸಬೇಕು. ಭದ್ರತೆಯ ಅಪ್‌ಡೇಟ್ ಮಾತ್ರ ಯಾವ ಸುಗ್ಗಿಗೂ ಕಾಯಬಾರದು.

ಕಡತಗಳು ಮತ್ತು ದತ್ತಸಂಚಯ ಎರಡರ ಬ್ಯಾಕಪ್ ತೆಗೆದು, ಅದು ಮರಳಿ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಬಳಿಕ ವೆಬ್‌ಸೈಟಿನ ಒಂದು ನಕಲಿನಲ್ಲಿ, ಅಂದರೆ ಸ್ಟೇಜಿಂಗ್‌ನಲ್ಲಿ, ಅಪ್‌ಡೇಟ್ ಮಾಡಿ ನೋಡಬೇಕು. ಅಲ್ಲಿ ಮಾರಾಟದವರೇ ಮೊಬೈಲ್ ಹಿಡಿದು ಗ್ರಾಹಕರಂತೆ ಒಂದು ಆರ್ಡರ್ ಹಾಕಿ, ಹಣ ಪಾವತಿಯ ಪುಟದವರೆಗೆ ಹೋಗಿ, ಫಾರ್ಮ್ ತುಂಬಿ, ಕನ್ನಡದ ಪುಟಗಳನ್ನು ಓದಬೇಕು. ಎಲ್ಲವೂ ಸರಿಯಿದ್ದರೆ ಮಾತ್ರ ನಿಜವಾದ ವೆಬ್‌ಸೈಟಿನ ಸರದಿ. ಅದಾದ ಮೇಲೆ ಕ್ಯಾಶ್, ಅಂದರೆ ಪುಟಗಳ ತಾತ್ಕಾಲಿಕ ಪ್ರತಿಗಳನ್ನು ಅಳಿಸಿ ಅದೇ ಪರೀಕ್ಷೆ ಮತ್ತೆ ಮಾಡಿ, ಒಂದು ವಾರ ಭೇಟಿ ಮತ್ತು ಆರ್ಡರ್ ಲೆಕ್ಕವನ್ನು ಹಿಂದಿನ ವಾರದ್ದರೊಂದಿಗೆ ಹೋಲಿಸಬೇಕು. 2024ರ ಜುಲೈನ 6.6ರಿಂದ ತಾನಾಗಿ ಅಪ್‌ಡೇಟ್ ಆಗುವ ಪ್ಲಗಿನ್ ವಿಫಲವಾದರೆ ಹಳೆಯ ಆವೃತ್ತಿಗೆ ಹಿಂತಿರುಗುತ್ತದೆ. ಆದರೆ ವೆಬ್‌ಸೈಟ್ ಪೂರ್ತಿ ಕುಸಿದಾಗಷ್ಟೇ ಅದು ಕೆಲಸಕ್ಕೆ ಬರುತ್ತದೆ. ಸತ್ತ ಗುಂಡಿಯನ್ನು ಅದು ಗುರುತಿಸಲಾರದು.

ಅಪ್‌ಡೇಟ್ ಮುಂದೂಡುವುದು ಅಪಾಯ, ನೋಡದೆ ಮಾಡುವುದೂ ಅಪಾಯ. ತಂತ್ರಜ್ಞರು ದಿನ ಗೊತ್ತುಮಾಡುವಾಗ ಮಾರುವವರೂ ಆ ಮಾತುಕತೆಯಲ್ಲಿ ಪಾಲ್ಗೊಳ್ಳಲಿ. ಲಿಂಕ್‌ಗಳ ಪಟ್ಟಿ, ಸುಗ್ಗಿಯ ತಿಂಗಳು, ಪರೀಕ್ಷೆಯ ಆರ್ಡರ್ ಈ ಮೂರನ್ನು ತಮ್ಮ ಹೊಣೆಯಾಗಿ ವಹಿಸಿಕೊಳ್ಳಲಿ.