ಮೂಲನಿವಾಸಿಗಳ ಪರಂಪರೆಯೂ ರಾಷ್ಟ್ರದ ವಯಸ್ಸೂ

ರಾಷ್ಟ್ರವೊಂದರ ವಯಸ್ಸೆಷ್ಟೆಂದು ಕೇಳಿದರೆ ಉತ್ತರ ಸುಲಭವೆಂದು ತೋರಬಹುದು. ಆದರೆ ಎಣಿಕೆಯನ್ನು ಯಾರಿಂದ ಆರಂಭಿಸಬೇಕೆಂಬುದು ನಿರ್ಧಾರವಾಗದ ಹೊರತು ಆ ಪ್ರಶ್ನೆಗೆ ಉತ್ತರವಿಲ್ಲ. ಆಸ್ಟ್ರೇಲಿಯ ಇದಕ್ಕೆ ಒಳ್ಳೆಯ ನಿದರ್ಶನ. ೧೭೭೦ರಲ್ಲಿ ಕ್ಯಾಪ್ಟನ್ ಕುಕ್ ಅದರ ಪೂರ್ವತೀರವು ಬ್ರಿಟಿಷ್ ದೊರೆಗೆ ಸೇರಿದ್ದೆಂದು ಸಾರಿದನು. ೧೭೮೮ರಲ್ಲಿ ಸಿಡ್ನಿಯಲ್ಲಿ ಬ್ರಿಟಿಷರ ವಸಾಹತು ನೆಲೆಗೊಂಡಿತು. ಬಹುಕಾಲ ಆ ದೇಶದ ಇತಿಹಾಸಗ್ರಂಥಗಳು ಇಲ್ಲಿಂದಲೇ ಮೊದಲಾಗುತ್ತಿದ್ದವು. ಅದಕ್ಕೂ ಮುನ್ನ ಸಾವಿರಾರು ತಲೆಮಾರುಗಳಿಂದ ಅಲ್ಲಿ ಬಾಳಿಬಂದ ಮೂಲನಿವಾಸಿಗಳಿಗೆ ಅವುಗಳಲ್ಲಿ ದೊರೆತ ಸ್ಥಳ ತೀರ ಅಲ್ಪ.

ಇಷ್ಟು ದೂರದ ವಿಷಯವನ್ನು ನಾನೇಕೆ ಆರಿಸಿಕೊಂಡೆನೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ಹಿರಿಯರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಇರುವುದೆಲ್ಲ ಅಜ್ಜಿಯ ನೆನಪಿನಲ್ಲಿ. ಬರೆದಿಡದವರಿಗೆ ಇತಿಹಾಸವೇ ಇಲ್ಲವೆ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಪರೀಕ್ಷೆಯ ಪ್ರಶ್ನೆ ಮಾತ್ರವಲ್ಲ.

ಆಸ್ಟ್ರೇಲಿಯದ ರೇಡಿಯೋದಲ್ಲಿ ೧೯೫೯ರಿಂದ ಒಂದು ಉಪನ್ಯಾಸಮಾಲೆ ನಡೆದುಬಂದಿದೆ. ಬಾಯರ್ ಉಪನ್ಯಾಸಗಳೆಂದು ಅದಕ್ಕೆ ಹೆಸರು. ೧೯೬೮ರಲ್ಲಿ ಮಾನವಶಾಸ್ತ್ರಜ್ಞ ಸ್ಟ್ಯಾನರ್ ಅವರು ಅಲ್ಲಿ ಮಾತನಾಡಿ, ತಮ್ಮ ದೇಶದ ಇತಿಹಾಸ ಬರೆದವರು ಮೂಲನಿವಾಸಿಗಳ ವಿಷಯದಲ್ಲಿ ತಾಳಿದ ಮೌನವನ್ನು ಎತ್ತಿ ತೋರಿಸಿದರು. ಅದು ಕೇವಲ ಅಜಾಗ್ರತೆಯಿಂದ ಆದುದಲ್ಲ, ರಾಷ್ಟ್ರವೇ ರೂಢಿಸಿಕೊಂಡ ಮರೆವು ಎಂಬುದು ಅವರ ವಾದದ ಸಾರ. ವಿದ್ವಾಂಸರ ಕೊಠಡಿಯಲ್ಲಿ ಉಳಿಯಬಹುದಾಗಿದ್ದ ಮಾತು ಹೀಗೆ ಮನೆಮನೆಯಲ್ಲಿ ಕೇಳಿಸಿತು.

ಅದೇ ವರ್ಷ ನೆಲವೂ ಮಾತನಾಡಿತೆನ್ನಬೇಕು. ನ್ಯೂ ಸೌತ್ ವೇಲ್ಸ್ ಪ್ರಾಂತದ ಮಂಗೋ ಎಂಬ ಒಣಗಿದ ಸರೋವರದ ದಂಡೆಯಲ್ಲಿ, ಮರಳು ಸವೆದ ಜಾಗದಲ್ಲಿ, ಭೂವಿಜ್ಞಾನಿ ಜಿಮ್ ಬೌಲರ್ ಅವರಿಗೆ ಸುಟ್ಟ ಎಲುಬುಗಳು ಕಂಡವು. ಅವು ಒಬ್ಬ ಹೆಂಗಸಿನವು. ಆಕೆಯ ದೇಹವನ್ನು ದಹಿಸಿ, ಎಲುಬುಗಳನ್ನು ಪುಡಿಗೈದು, ಬಳಿಕ ಹೂಳಲಾಗಿತ್ತು. ೧೯೭೪ರಲ್ಲಿ ಅದೇ ದಂಡೆಯಲ್ಲಿ ಪುರುಷನೊಬ್ಬನ ಅಸ್ಥಿಪಂಜರವೂ ದೊರೆಯಿತು. ಅವನನ್ನು ಹೂಳುವಾಗ ದೇಹದ ಮೇಲೆ ಕೆಮ್ಮಣ್ಣನ್ನು ಉದುರಿಸಿದ್ದರು. ಇಬ್ಬರ ಕಾಲವೂ ಸುಮಾರು ೪೦,೦೦೦ ವರ್ಷಗಳಷ್ಟು ಹಿಂದಿನದು. ಸತ್ತವರಿಗೆ ವಿಧಿಪೂರ್ವಕವಾಗಿ ಸಂಸ್ಕಾರ ಮಾಡುತ್ತಿದ್ದ ಜನರನ್ನು ಇತಿಹಾಸವಿಲ್ಲದವರೆಂದು ಇನ್ನು ಯಾರು ಹೇಳಬಲ್ಲರು?

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಆ ಎಲುಬುಗಳು ಯಾರ ಸೊತ್ತು? ರಾಷ್ಟ್ರ ಅವುಗಳಿಂದ ತನ್ನ ಪ್ರಾಚೀನತೆಗಾಗಿ ಹೆಮ್ಮೆಪಟ್ಟಿತು. ವಿಜ್ಞಾನಿಗಳು ಅವನ್ನು ಕ್ಯಾನ್‌ಬೆರಾಕ್ಕೆ ಒಯ್ದರು. ಆದರೆ ಅಲ್ಲಿನ ಜನರಿಗೆ ಅವರು ಪೂರ್ವಜರು. ಆ ಸ್ತ್ರೀಯ ಅವಶೇಷಗಳು ೧೯೯೨ರಲ್ಲಿಯೂ ಪುರುಷನವು ೨೦೧೭ರಲ್ಲಿಯೂ ತವರುನೆಲಕ್ಕೆ ಮರಳಿದವು. ೨೦೨೨ರಲ್ಲಿ ಅವನ್ನು ಮತ್ತೆ ಮಣ್ಣಿಗೆ ಸೇರಿಸಿದಾಗ ಮೂಲನಿವಾಸಿಗಳಲ್ಲಿಯೇ ಅಭಿಪ್ರಾಯಭೇದವಿತ್ತು.

ಹೆಮ್ಮೆಪಡುವುದು ಬೇರೆ, ಹಕ್ಕನ್ನು ಒಪ್ಪುವುದು ಬೇರೆ. ಯಾರಿಗೂ ಸೇರದ ನೆಲವೆಂಬ ಹಳೆಯ ವಾದವನ್ನು ೧೯೯೨ರ ಮಾಬೋ ಮೊಕದ್ದಮೆಯಲ್ಲಿ ಅಲ್ಲಿನ ಹೈಕೋರ್ಟು ತಳ್ಳಿಹಾಕಿತು. ಆದರೂ ೨೦೨೦ರ ಮೇ ತಿಂಗಳಲ್ಲಿ ರಿಯೋ ಟಿಂಟೋ ಕಂಪನಿ ಕಬ್ಬಿಣದ ಅದಿರಿಗಾಗಿ ಜೂಕನ್ ಕಣಿವೆಯ ಗುಹೆಗಳನ್ನು ಸಿಡಿಮದ್ದಿನಿಂದ ಒಡೆಯಿತು. ಅದಕ್ಕೆ ಕಾನೂನಿನ ಅನುಮತಿಯೂ ಇತ್ತು. ಸುಮಾರು ೪೬,೦೦೦ ವರ್ಷಗಳ ಮಾನವ ವಾಸದ ಕುರುಹುಗಳಿದ್ದ ಸ್ಥಳವದು. ಅಲ್ಲಿ ಹಿಂದೆ ದೊರೆತಿದ್ದ ಸುಮಾರು ೪,೦೦೦ ವರ್ಷಗಳ ಹೆಣೆದ ಕೂದಲು ಇಂದಿನ ಅಲ್ಲಿಯ ಜನರ ಪೂರ್ವಿಕರದೆಂದು ಪರೀಕ್ಷೆಯಿಂದ ತಿಳಿದಿತ್ತು.

ಸ್ಟ್ಯಾನರ್ ಅವರು ಮಾತನಾಡಿದ ವೇದಿಕೆಗೆ ಮುಂದೆ ಮೂಲನಿವಾಸಿಗಳೇ ಬಂದರು. ೨೦೧೨ರಲ್ಲಿ ಮಾರ್ಶಿಯಾ ಲ್ಯಾಂಗ್ಟನ್, ೨೦೨೨ರಲ್ಲಿ ನೋಯೆಲ್ ಪಿಯರ್ಸನ್ ಬಾಯರ್ ಉಪನ್ಯಾಸಗಳನ್ನು ಕೊಟ್ಟರು. ಮೂಲನಿವಾಸಿಗಳ ಪರಂಪರೆ, ಬ್ರಿಟಿಷರಿಂದ ಬಂದ ಸಂಸ್ಥೆಗಳು, ನಾನಾ ದೇಶಗಳಿಂದ ಬಂದ ವಲಸೆಗಾರರ ಕೊಡುಗೆ, ಈ ಮೂರೂ ಕೂಡಿದರೆ ಮಾತ್ರ ಆಸ್ಟ್ರೇಲಿಯದ ಕಥೆ ಪೂರ್ಣವೆಂಬುದು ಪಿಯರ್ಸನ್ ಅವರ ನಿಲುವು. ಒಬ್ಬರ ಪಾಲನ್ನು ಅಳಿಸಿ ಇನ್ನೊಬ್ಬರದನ್ನು ಬರೆಯಬೇಕೆಂದು ಅವರು ಕೇಳಲಿಲ್ಲ. ಆದರೆ ಪಾರ್ಲಿಮೆಂಟಿಗೆ ಸಲಹೆ ನೀಡುವ ಮೂಲನಿವಾಸಿಗಳ ಮಂಡಲಿಯೊಂದನ್ನು ಸಂವಿಧಾನದಲ್ಲಿ ಸೇರಿಸುವ ಸೂಚನೆ ೨೦೨೩ರ ಜನಮತಗಣನೆಯಲ್ಲಿ ಸೋತಿತು. ನೂರಕ್ಕೆ ಸುಮಾರು ೬೦ ಮತಗಳು ಅದಕ್ಕೆ ವಿರೋಧವಾಗಿದ್ದವು. ಮೂಲನಿವಾಸಿಗಳನ್ನು ಜನಗಣತಿಯಲ್ಲಿ ಎಣಿಸಲು ೧೯೬೭ರಲ್ಲಿ ನೂರಕ್ಕೆ ೯೦ಕ್ಕೂ ಹೆಚ್ಚು ಮತವಿತ್ತ ದೇಶವೇ ಇದು.

ಇದರಿಂದ ಉಪನ್ಯಾಸಗಳು ವ್ಯರ್ಥವಾದವೆಂದು ನಾನು ತಿಳಿಯುವುದಿಲ್ಲ. ಮೌನವಿದ್ದಾಗ ಸೋಲಲು ಸಹ ಅವಕಾಶವಿರಲಿಲ್ಲ. ಉತ್ಖನನವು ಒಂದು ಜನಾಂಗದ ಪ್ರಾಚೀನತೆಯನ್ನು ಸಿದ್ಧಪಡಿಸಬಲ್ಲದು. ಆ ಜನಾಂಗದ ಮಾತಿಗೆ ಕಿವಿಗೊಡುವಂತೆ ಉಳಿದವರನ್ನು ಒಪ್ಪಿಸುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ಮನುಷ್ಯರದು. ಇತಿಹಾಸವನ್ನು ಓದುವ ನಾವು ಶಾಸನಗಳ ಜೊತೆಗೆ, ಶಾಸನ ಬರೆಸಲಾಗದವರ ಬಾಯ ಮಾತನ್ನೂ ಕೇಳಿ ಬರೆದುಕೊಳ್ಳಬೇಕೆಂದು ಸಹಪಾಠಿಗಳಲ್ಲಿ ನನ್ನ ಅರಿಕೆ.